ಶುಚಿ ಮಣ್ಣಿನಲ್ಲಿ ಏಳದ ಲಿಂಬೆ: ಇಂಡಿ ತಾಲ್ಲೂಕಿನ ಒಂದು ನರ್ಸರಿಯ ಪ್ರಕರಣ ಅಧ್ಯಯನ

ಇಂಡಿ ತಾಲ್ಲೂಕಿನ ಒಂದು ಖಾಸಗಿ ನರ್ಸರಿಯಲ್ಲಿ ಕಾಗ್ಜಿ ಲಿಂಬೆಯ ಸಸಿಗಳು ಸಾಯದೆ, ಬೆಳೆಯಲೂ ಬೆಳೆಯದೆ, ನಾಲ್ಕೈದು ಎಲೆಯ ಹಂತದಲ್ಲೇ ತಿಂಗಳುಗಟ್ಟಲೆ ನಿಂತುಬಿಟ್ಟ ಸಂಗತಿಯನ್ನು ಇಲ್ಲಿ ದಾಖಲಿಸಿದ್ದೇನೆ. ನನ್ನ ವಿಶ್ವವಿದ್ಯಾಲಯ ಸೇವೆಯ ಹೆಚ್ಚಿನ ಕಾಲ ಸಸ್ಯದ ಬೇರಿನೊಳಗೆ ಬದುಕಿ ಅದಕ್ಕೆ ನೆರವಾಗುವ ಶಿಲೀಂಧ್ರಗಳ ಅಧ್ಯಯನದಲ್ಲಿ ಕಳೆದಿದೆ. ಆ ಅವಧಿಯಲ್ಲಿ ಕೈಗೆ ಬಂದ ಹಲವು ಸಮಸ್ಯೆಗಳಲ್ಲಿ ಇದನ್ನೇ ಆರಿಸಿಕೊಳ್ಳಲು ಕಾರಣವಿದೆ. ಇದರ ಉತ್ತರ ಸಾಮಾನ್ಯ ರೂಪದಲ್ಲಿ 1972ರಿಂದಲೇ ವಿಜ್ಞಾನಕ್ಕೆ ಗೊತ್ತಿತ್ತು. ಆದರೂ ಈ ಒಂದು ನರ್ಸರಿಯಲ್ಲಿ, ಈ ಮಣ್ಣು ಈ ನೀರಿನಲ್ಲಿ ಅದೇ ಕಾರಣವೆಂದು ಹೇಳಬೇಕಾದರೆ ಬೇರೆ ಸಾಧ್ಯತೆಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿ ಬದಿಗಿಡಬೇಕಾಯಿತು. ಪುಸ್ತಕದಲ್ಲಿರುವ ಉತ್ತರಕ್ಕೂ ಹೊಲದಲ್ಲಿ ಸಾಬೀತಾದ ಉತ್ತರಕ್ಕೂ ನಡುವೆ ಎಷ್ಟು ಕೆಲಸವಿರುತ್ತದೆ ಎಂಬುದು ಈ ಕ್ಷೇತ್ರಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ಮೊದಲು ತಿಳಿಯಬೇಕಾದ ವಿಷಯ ಎಂದು ನಾನು ನಂಬಿದ್ದೇನೆ. ಮಾಲೀಕರ ಹೆಸರನ್ನೂ ಊರನ್ನೂ ಅವರ ಇಚ್ಛೆಯಂತೆ ಬಿಟ್ಟಿದ್ದೇನೆ.

ಹಿನ್ನೆಲೆ

ವಿಜಯಪುರ ಜಿಲ್ಲೆಯ ಇಂಡಿ ಮತ್ತು ಸಿಂದಗಿ ಭಾಗ ರಾಜ್ಯದಲ್ಲಿ ಲಿಂಬೆಗೆ ಹೆಸರಾದ ಪ್ರದೇಶ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಿದೆ, ರಾಜ್ಯ ಲಿಂಬೆ ಅಭಿವೃದ್ಧಿ ಮಂಡಳಿಯೂ ಇಂಡಿಯಲ್ಲೇ ಇದೆ. ಇಲ್ಲಿ ಕಾಗ್ಜಿ ಲಿಂಬೆಯನ್ನು ಹೆಚ್ಚಾಗಿ ಬೀಜದಿಂದಲೇ ಬೆಳೆಸುತ್ತಾರೆ. ಒಂದೇ ಬೀಜದಲ್ಲಿ ಹಲವು ಭ್ರೂಣಗಳಿದ್ದು, ಅವುಗಳಲ್ಲಿ ಹೆಚ್ಚಿನವು ತಾಯಿಗಿಡದ ಅಂಗಾಂಶದಿಂದಲೇ ಹುಟ್ಟುವುದರಿಂದ ಬೀಜದ ಸಸಿಯೂ ಬಹುಮಟ್ಟಿಗೆ ತಾಯಿಯ ಗುಣವನ್ನೇ ಉಳಿಸಿಕೊಳ್ಳುತ್ತದೆ. ಬೀಜ ಒಣಗಿದರೆ ಮೊಳಕೆಯ ಶಕ್ತಿ ಬೇಗ ಕುಂದುತ್ತದೆ. ಹಾಗಾಗಿ ಹಣ್ಣಿನಿಂದ ತೆಗೆದ ಕೂಡಲೇ ಮಡಿಗೆ ಹಾಕಿ, ಮೊಳೆತ ಮೇಲೆ ಪಾಲಿಥಿನ್ ಚೀಲಕ್ಕೆ ವರ್ಗಾಯಿಸಿ, ಮಾರಾಟಕ್ಕೆ ಬರುವ ಎತ್ತರದವರೆಗೆ ಸಾಕುವುದು ರೂಢಿ. ಈ ಅವಧಿಯಲ್ಲಿ ನರ್ಸರಿಯವರನ್ನು ಹೆಚ್ಚು ಕಾಡುವುದು ಬುಡಕೊಳೆ. ಪಿಥಿಯಮ್, ಫೈಟಾಫ್ತೊರಾ, ರೈಜೋಕ್ಟೋನಿಯಾ ಮುಂತಾದ ರೋಗಾಣುಗಳು ತೇವ ಹೆಚ್ಚಾದ ಮಡಿಯಲ್ಲಿ ಎಳೆಯ ಸಸಿಯ ಕಾಂಡವನ್ನು ನೆಲಮಟ್ಟದಲ್ಲಿ ಕೊಳೆಸಿ, ಎರಡು ಮೂರು ದಿನಗಳಲ್ಲೇ ಇಡೀ ಮಡಿಯನ್ನು ಮಲಗಿಸಿಬಿಡುತ್ತವೆ.

ಈ ನರ್ಸರಿಯ ಮಾಲೀಕರು ತಂದೆಯ ಕಾಲದಿಂದ ನಡೆದುಬಂದ ಪದ್ಧತಿಯಲ್ಲೇ ಸಸಿ ಬೆಳೆಸುತ್ತಿದ್ದರು. ಹೊಲದ ಎರೆಮಣ್ಣು, ಹಳ್ಳದ ಉಸುಕು, ಕಳಿತ ತಿಪ್ಪೆಗೊಬ್ಬರ ಕೂಡಿಸಿ, ಅದರ ಜೊತೆಗೆ ಹಳೆಯ ಲಿಂಬೆ ಗಿಡದ ಬುಡದ ಮಣ್ಣನ್ನು ಒಂದೆರಡು ಬುಟ್ಟಿ ಬೆರೆಸುವುದು ಅವರ ತಂದೆಯ ಕ್ರಮವಾಗಿತ್ತು. ಏಕೆ ಬೆರೆಸುತ್ತಾರೆಂದು ಯಾರೂ ಕೇಳಿರಲಿಲ್ಲ. ಒಂದು ಮಳೆಗಾಲದಲ್ಲಿ ಬುಡಕೊಳೆಯಿಂದ ಬಹುಪಾಲು ಸಸಿ ಹೋದ ಮೇಲೆ ಅವರು ಇಡೀ ವ್ಯವಸ್ಥೆಯನ್ನು ಬದಲಿಸಿದರು. ಗಿಡದ ಬುಡದ ಮಣ್ಣನ್ನು ರೋಗದ ಮೂಲವೆಂದು ಕೈಬಿಟ್ಟರು. ಉಳಿದ ಮಣ್ಣಿಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಬೆರೆಸಿ, ಕಬ್ಬಿಣದ ಡ್ರಮ್ಮಿನಲ್ಲಿ ಹಬೆಯಾಡಿಸಿ, ತಣಿದ ಮೇಲೆ ಚೀಲಕ್ಕೆ ತುಂಬಿದರು. ಚೀಲಗಳನ್ನು ನೆಲಕ್ಕೆ ತಾಗದಂತೆ ಜಾಲರಿಯ ಬೆಂಚುಗಳ ಮೇಲೆ ಇರಿಸಿದರು. ಮುನ್ನೆಚ್ಚರಿಕೆಯೆಂದು ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕದ ದ್ರಾವಣವನ್ನು ಆಗಾಗ ಬುಡಕ್ಕೆ ಸುರಿದರು, ಪೋಷಣೆಗೆ ರಂಜಕವಿರುವ ಡಿಎಪಿ ಗೊಬ್ಬರದ ತಿಳಿ ನೀರು ಕೊಟ್ಟರು.

ಇವುಗಳಲ್ಲಿ ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಆಕ್ಷೇಪಿಸುವಂಥದ್ದು ಬಹಳವಿಲ್ಲ. ಮಣ್ಣಿಗೆ ಹಬೆ ಕೊಡುವುದೂ ಚೀಲವನ್ನು ನೆಲದಿಂದ ಎತ್ತಿ ಇಡುವುದೂ ರೋಗಮುಕ್ತ ಸಸಿ ಉತ್ಪಾದನೆಯ ಒಪ್ಪಿತ ಕ್ರಮಗಳೇ. ಬುಡಕೊಳೆ ನಿಜಕ್ಕೂ ನಿಂತಿತು.

ಲಕ್ಷಣಗಳು ಮತ್ತು ಮೊದಲ ಊಹೆಗಳು

ಬೀಜದೊಳಗಿನ ಸಂಗ್ರಹದ ಬಲದಿಂದ ಮೊದಲ ಎಲೆಗಳು ಸರಿಯಾಗಿಯೇ ಬಂದವು. ಆ ಬಳಿಕ ಬಂದ ಎಲೆಗಳು ಕಿರಿದಾಗಿದ್ದವು, ಹೊಳಪಿಲ್ಲದೆ ಮಂಕಾಗಿದ್ದವು, ಕೆಲವುಗಳಲ್ಲಿ ನರಗಳು ಹಸಿರಾಗಿಯೇ ಉಳಿದು ನಡುವಿನ ಭಾಗ ಹಳದಿಗೆ ತಿರುಗಿತ್ತು. ಕಾಂಡ ಕಡ್ಡಿಯಂತೆ ತೆಳ್ಳಗೆ ಉಳಿಯಿತು. ಮಾಲೀಕರು ಒಂದು ಚೀಲವನ್ನು ಸೀಳಿ ಬೇರು ತೋರಿಸುತ್ತ ಹೇಳಿದ ಮಾತನ್ನು ಹಾಗೆಯೇ ಬರೆದುಕೊಂಡಿದ್ದೇನೆ: “ರೋಗ ಏನೂ ಕಾಣವಲ್ದುರಿ ಮೇಡಂ. ಬೇರ ಸ್ವಚ್ಛ ಬೆಳ್ಳಗ ಅದಾವ, ಆದ್ರ ಗಿಡ ಮ್ಯಾಲ ಏಳವಲ್ವು.” ಲಕ್ಷಣ ವಿವರಣೆಯಾಗಿ ಇದಕ್ಕಿಂತ ಕರಾರುವಾಕ್ಕಾದ ವಾಕ್ಯವನ್ನು ನಾನು ಬರೆಯಲಾರೆ.

ನಾನು ಹೋಗುವ ಹೊತ್ತಿಗೆ ಹಲವು ಸಲಹೆಗಳು ಬಂದು ಹೋಗಿದ್ದವು. ಗೊಬ್ಬರದ ಅಂಗಡಿಯಲ್ಲಿ ಸತುವಿನ ಕೊರತೆ ಎಂದಿದ್ದರು. ಸಿಂಪಡಿಸಿದ ಮೇಲೆ ಎಲೆ ಸ್ವಲ್ಪ ಹಸಿರಾಯಿತು, ಸಸಿ ಮಾತ್ರ ಏಳಲಿಲ್ಲ. ಬೋರ್‌ವೆಲ್ ನೀರಿನ ಸವುಳೇ ಕಾರಣವೆಂದು ಒಬ್ಬರು, ಬೀಜವೇ ಸರಿಯಿಲ್ಲವೆಂದು ಮತ್ತೊಬ್ಬರು ಹೇಳಿದ್ದರು. ಈ ಎರಡು ಊಹೆಗಳಿಗೆ ಉತ್ತರ ನರ್ಸರಿಯ ಮೂಲೆಯಲ್ಲೇ ಇತ್ತು. ಅದೇ ತಾಯಿಗಿಡಗಳ ಬೀಜ ಸ್ವಲ್ಪ ಉಳಿದದ್ದನ್ನು ಮನೆಯವರು ಬದುವಿನ ಪಕ್ಕದ ನೆಲದಲ್ಲಿ ಹಾಗೇ ಊರಿದ್ದರು. ಅದೇ ಬೋರ್‌ವೆಲ್ಲಿನ ನೀರು ಕುಡಿದು ಆ ಸಸಿಗಳು ಚೀಲದ ಸಸಿಗಳಿಗಿಂತ ಎಷ್ಟೋ ಎತ್ತರ ಬೆಳೆದಿದ್ದವು. ಬೀಜವೂ ನೀರೂ ಇಲ್ಲಿಗೆ ಬಿಟ್ಟುಹೋದವು. ಬೇರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲಿಂಬೆ ಜಾತಿಯ ಬೇರುಗಳಿಗೆ ತಗಲುವ ಜಂತುಹುಳು ಕಾಣಲಿಲ್ಲ, ಕೊಳೆಯ ಗುರುತೂ ಇರಲಿಲ್ಲ.

ಗಟ್ಟಿಯಾಗಿ ಉಳಿದದ್ದು ಹಬೆಯ ಊಹೆ. ಮಣ್ಣನ್ನು ಅತಿಯಾಗಿ ಕಾಯಿಸಿದರೆ ಮ್ಯಾಂಗನೀಸ್ ಕರಗಿ ಹೊರಬಂದು ಬೇರಿಗೆ ವಿಷವಾಗಬಹುದು. ಅಮೋನಿಯವನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಸತ್ತು ಅಮೋನಿಯ ಶೇಖರವಾಗುವುದೂ ಉಂಟು. ಸುಣ್ಣದಂಶ ಹೆಚ್ಚಿರುವ ನಮ್ಮ ಕ್ಷಾರ ಮಣ್ಣಿನಲ್ಲಿ ಮ್ಯಾಂಗನೀಸಿನ ಭಯ ಕಡಿಮೆ. ಬ್ಯಾಕ್ಟೀರಿಯಾದ ಮಾತನ್ನು ಮಾತ್ರ ಅಷ್ಟು ಸುಲಭಕ್ಕೆ ತಳ್ಳಿಹಾಕುವಂತಿರಲಿಲ್ಲ. “ಹಬೆ ಕೊಟ್ಟ ಮೇಲೆ ಬೆಳವಣಿಗೆ ನಿಂತಿದೆ, ಆದ್ದರಿಂದ ಉಪಕಾರಿ ಶಿಲೀಂಧ್ರ ಸತ್ತಿದೆ” ಎಂಬ ತರ್ಕ ನನ್ನ ವಿಷಯದವರ ಬಾಯಿಗೆ ಬಹಳ ಬೇಗ ಬರುತ್ತದೆ. ಹಬೆ ಕೊಂದದ್ದು ಶಿಲೀಂಧ್ರವೊಂದನ್ನೇ ಅಲ್ಲ.

ಗಮನಿಸಬೇಕಾದ ಸುಳಿವು ಬೆಂಚುಗಳ ಕೊನೆಯಲ್ಲಿತ್ತು. ಜಾಗ ಸಾಲದೆ ನೆಲದ ಮೇಲೇ ಇಟ್ಟಿದ್ದ ಒಂದು ಸಾಲು ಚೀಲಗಳಲ್ಲಿ ಹಲವು ಸಸಿಗಳು ಹಸಿರಾಗಿ ಎದ್ದಿದ್ದವು. ಚೀಲವನ್ನು ಎತ್ತಿದರೆ ತಳದ ತೂತಿನಿಂದ ಬೇರು ಹೊರಬಂದು ನೆಲಕ್ಕೆ ಇಳಿದಿತ್ತು. ನೆಲಕ್ಕೆ ಇಳಿದ ಬೇರು ಅಲ್ಲಿಂದ ಗೊಬ್ಬರವನ್ನೂ ನೀರನ್ನೂ ಹೀರಿರಬಹುದು, ಶಿಲೀಂಧ್ರವನ್ನೂ ಪಡೆದಿರಬಹುದು. ಸುಳಿವು ಯಾವ ದಿಕ್ಕಿಗೂ ತೀರ್ಪು ಕೊಡಲಿಲ್ಲ. ಎಲ್ಲಿ ನೋಡಬೇಕೆಂದು ಮಾತ್ರ ಹೇಳಿತು.

ಲಿಂಬೆ ಏಕೆ ಇಷ್ಟು ಅವಲಂಬಿ

ಭೂಮಿಯ ಮೇಲಿನ ಬಹುಪಾಲು ಸಸ್ಯಗಳ ಬೇರಿನಲ್ಲಿ ಮೈಕೋರೈಜಾ ಶಿಲೀಂಧ್ರಗಳು ನೆಲೆಸಿರುತ್ತವೆ. ಬೆಳೆಗಳಲ್ಲಿ ನಾವು ಕಾಣುವ ಬಗೆಯಲ್ಲಿ ಶಿಲೀಂಧ್ರದ ಎಳೆ ಬೇರಿನ ಜೀವಕೋಶದ ಗೋಡೆಯನ್ನು ದಾಟಿ ಒಳಗೆ ಆರ್ಬಸ್ಕ್ಯೂಲ್ ಎಂಬ ಪುಟ್ಟ ಪೊದೆಯಂಥ ಕವಲನ್ನು ಬೆಳೆಸುತ್ತದೆ. ಕೊಡುಕೊಳ್ಳುವಿಕೆ ನಡೆಯುವುದು ಅಲ್ಲಿ. ಸುಮಾರು 40 ಕೋಟಿ ವರ್ಷ ಹಳೆಯ, ಸ್ಕಾಟ್ಲೆಂಡಿನ ರೈನಿ ಎಂಬಲ್ಲಿನ ಪಳೆಯುಳಿಕೆ ಸಸ್ಯಗಳಲ್ಲೂ ಇಂಥ ಕವಲುಗಳು ಕಂಡಿವೆ. ಶಿಲೀಂಧ್ರ ಮಣ್ಣಿನಿಂದ ರಂಜಕ, ಸತು, ತಾಮ್ರ ತಂದುಕೊಡುತ್ತದೆ. ಸಸ್ಯ ತಾನು ತಯಾರಿಸಿದ ಇಂಗಾಲದ ಒಂದು ಪಾಲನ್ನು ಕೊಡುತ್ತದೆ. ಈ ಪಾಲು ಸಾಮಾನ್ಯವಾಗಿ ಶೇಕಡ 4ರಿಂದ 20ರವರೆಗೆ ಎಂದು ಅಂದಾಜಿಸುತ್ತಾರೆ. ಸಕ್ಕರೆಯ ಜೊತೆಗೆ ಕೊಬ್ಬಿನಾಮ್ಲಗಳನ್ನೂ ಈ ಶಿಲೀಂಧ್ರ ಸಸ್ಯದಿಂದಲೇ ಪಡೆಯುತ್ತದೆಂದು 2017ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ಅವನ್ನು ಸ್ವತಃ ತಯಾರಿಸಿಕೊಳ್ಳುವ ಸಾಮರ್ಥ್ಯ ಅದಕ್ಕಿಲ್ಲ. ಜೀವಂತ ಬೇರಿಲ್ಲದೆ ಬರೀ ತಟ್ಟೆಯ ಮಾಧ್ಯಮದಲ್ಲಿ ಇದನ್ನು ಬೆಳೆಸಲು ಎಷ್ಟೋ ದಶಕಗಳ ಕಾಲ ಯಾರಿಗೂ ಆಗದಿದ್ದ ಕಾರಣ ಇದರಿಂದ ಸ್ಪಷ್ಟವಾಯಿತು.

ರಂಜಕ ಮಣ್ಣಿನಲ್ಲಿ ಬಹಳ ನಿಧಾನವಾಗಿ ಚಲಿಸುವ ಪೋಷಕ. ಎರೆಮಣ್ಣಿನಲ್ಲಿ ಸುಣ್ಣದೊಂದಿಗೆ ಸೇರಿ ಕ್ಯಾಲ್ಸಿಯಂ ಫಾಸ್ಫೇಟ್ ಆಗಿ ಗಟ್ಟಿಯಾಗುವುದರಿಂದ ಅದರ ಚಲನೆ ಇನ್ನೂ ಕಡಿಮೆ. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಷ್ಟು ಮಣ್ಣಿನ ರಂಜಕವನ್ನು ಹೀರಿ ಬರಿದುಮಾಡಿದ ಮೇಲೆ ಹೊರಗಿನದು ತಾನಾಗಿ ಹರಿದು ಬರುವುದಿಲ್ಲ. ಬೇರುಗೂದಲು ಉದ್ದವಾಗಿ ದಟ್ಟವಾಗಿರುವ ಹುಲ್ಲುಜಾತಿಯ ಬೆಳೆಗಳು ಇದನ್ನು ಒಂದಿಷ್ಟು ನಿಭಾಯಿಸುತ್ತವೆ. ಲಿಂಬೆಯ ಕುಲದ ಬೇರುಗಳಲ್ಲಿ ಕೂದಲು ವಿರಳ ಮತ್ತು ಗಿಡ್ಡ. ಹಾಗಾಗಿ ಕೆಲವೇ ಮೈಕ್ರಾನ್ ದಪ್ಪವಿದ್ದು, ಬೇರು ನುಗ್ಗಲಾರದ ಸಂದುಗಳಲ್ಲಿ ಹಲವು ಸೆಂಟಿಮೀಟರ್ ದೂರ ಚಾಚುವ ಶಿಲೀಂಧ್ರದ ಎಳೆಗಳೇ ಅದಕ್ಕೆ ಆಸರೆ. ಇವಿಲ್ಲದ ಲಿಂಬೆ ಸಸಿ ರಂಜಕ ಇರುವ ಮಣ್ಣಿನಲ್ಲೇ ನಿಂತು ರಂಜಕದ ಹಸಿವಿನಲ್ಲಿರುತ್ತದೆ. ಕಪಾಟಿನ ತುಂಬ ಜೋಳವಿದ್ದು ಬೀಸುವ ಕಲ್ಲಿಲ್ಲದ ಮನೆಯ ಸ್ಥಿತಿ ಅದರದು.

ಅಮೆರಿಕದ ನರ್ಸರಿಗಳಲ್ಲಿ ರೋಗ ತಡೆಗೆಂದು ಧೂಮೀಕರಣ ಮಾಡಿದ (ವಿಷಾನಿಲ ಹಾಯಿಸಿದ) ಮಣ್ಣಿನಲ್ಲಿ ಸಿಟ್ರಸ್, ಅಂದರೆ ಲಿಂಬೆ ಕುಲದ, ಸಸಿಗಳು ಕುಂಠಿತವಾಗುವುದನ್ನು ಕ್ಲೈನ್‌ಶ್ಮಿಟ್ ಮತ್ತು ಗರ್ಡಮನ್ 1972ರಲ್ಲಿ ಈ ಶಿಲೀಂಧ್ರಗಳ ಅಭಾವಕ್ಕೆ ಜೋಡಿಸಿದರು. ಅಲ್ಲಿಯವರೆಗೆ ಹಲವರು ಅದನ್ನು ಧೂಮೀಕರಣದ ವಿಷಶೇಷವೆಂದೇ ತಿಳಿದಿದ್ದರು. ನಾನು ಇಂಡಿಯಲ್ಲಿ ಕಂಡದ್ದು ಅದೇ ದೃಶ್ಯದ ಇನ್ನೊಂದು ರೂಪವಾಗಿರಬಹುದು ಎಂಬ ಅನುಮಾನ ಮೊದಲ ದಿನವೇ ಇತ್ತು, ಅನುಮಾನವನ್ನು ವರದಿಯೆಂದು ಬರೆಯುವಂತಿರಲಿಲ್ಲ.

ಬೇರಿನ ಪರೀಕ್ಷೆ

ಬೆಂಚಿನ ಮೇಲಿನ ಸಸಿ, ನೆಲಕ್ಕೆ ತಾಗಿದ ಚೀಲದ ಸಸಿ, ಬದುವಿನ ಸಸಿ ಈ ಮೂರರ ಎಳೆಬೇರುಗಳನ್ನು ಸೀಸೆಗಳಲ್ಲಿ ತಂದು, ಫಿಲಿಪ್ಸ್ ಮತ್ತು ಹೇಮನ್ 1970ರಲ್ಲಿ ಪ್ರಕಟಿಸಿದ ವಿಧಾನದ ಜಾಡಿನಲ್ಲಿ ಬಣ್ಣ ಕಟ್ಟಿದೆವು. ಶೇಕಡ 10ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಬಿಸಿಮಾಡಿದಾಗ ಬೇರಿನ ಒಳದ್ರವ್ಯ ಕರಗಿ ಅದು ಪಾರದರ್ಶಕವಾಗುತ್ತದೆ. ತೊಳೆದು ಆಮ್ಲದಲ್ಲಿ ಅದ್ದಿ ಟ್ರಿಪಾನ್ ಬ್ಲೂ ಎಂಬ ಬಣ್ಣ ಹಾಕಿದರೆ ಶಿಲೀಂಧ್ರದ ಭಾಗಗಳು ಮಾತ್ರ ನೀಲಿಯಾಗಿ ಕಾಣುತ್ತವೆ. ಎಷ್ಟು ಉದ್ದದ ಬೇರಿನಲ್ಲಿ ಶಿಲೀಂಧ್ರವಿದೆ ಎಂಬುದನ್ನು ಚೌಕಗೆರೆಯ ತಟ್ಟೆಯ ಮೇಲೆ ಬೇರು ಹರಡಿ, ಗೆರೆ ಮತ್ತು ಬೇರು ಕೂಡುವ ಬಿಂದುಗಳನ್ನು ಎಣಿಸಿ ಲೆಕ್ಕ ಹಾಕುತ್ತಾರೆ. ಇದು ಜೊವಾನೆಟ್ಟಿ ಮತ್ತು ಮಾಸ್ 1980ರಲ್ಲಿ ಹೋಲಿಸಿ ನೋಡಿದ ವಿಧಾನ.

ಬೆಂಚಿನ ಸಸಿಗಳ ಬೇರಿನಲ್ಲಿ ನೀಲಿ ಎಂಬುದೇ ಇರಲಿಲ್ಲ. ಬದುವಿನ ಸಸಿಗಳ ಬೇರಿನ ತುಂಬ ಎಳೆಗಳೂ ಆರ್ಬಸ್ಕ್ಯೂಲುಗಳೂ ಇದ್ದವು. ನೆಲಕ್ಕೆ ತಾಗಿದ ಚೀಲಗಳಲ್ಲಿ ಹಸಿರಾಗಿ ಎದ್ದ ಸಸಿಗಳಲ್ಲಿ ಶಿಲೀಂಧ್ರವಿತ್ತು, ಅದೇ ಸಾಲಿನ ಕುಂಠಿತ ಸಸಿಗಳಲ್ಲಿ ಇರಲಿಲ್ಲ. ಈ ಕೊನೆಯ ಹೋಲಿಕೆ ನನಗೆ ಉಳಿದೆರಡಕ್ಕಿಂತ ಹೆಚ್ಚು ಬೆಲೆಯದಾಗಿ ಕಂಡಿತು, ಏಕೆಂದರೆ ಒಂದೇ ಸಾಲಿನ ಆ ಹಸಿರು ಸಸಿಗಳಿಗೂ ಕುಂಠಿತ ಸಸಿಗಳಿಗೂ ಮಣ್ಣು, ನೀರು, ನೆರಳು, ಔಷಧ ಎಲ್ಲವೂ ಒಂದೇ.

ಇಲ್ಲಿ ಹೆಸರಿಸಿದ ಮಾಸ್ ಬಗ್ಗೆ ಒಂದು ಮಾತು. ಬಾರ್ಬರಾ ಮಾಸ್ ಇಂಗ್ಲೆಂಡಿನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದಲ್ಲಿದ್ದಾಗ, 1953ರಲ್ಲಿ, ಸ್ಟ್ರಾಬೆರಿ ಬೇರುಗಳ ಜೊತೆಗಿದ್ದ ಶಿಲೀಂಧ್ರದ ಬೀಜಕ (ಶಿಲೀಂಧ್ರಕ್ಕೆ ಬೀಜದಂತಿರುವ ಕಣ) ರಚನೆಗಳನ್ನು ಗುರುತಿಸಿದರು. 1957ರಲ್ಲಿ ಶಿಲೀಂಧ್ರವಿರುವ ಮತ್ತು ಇಲ್ಲದ ಸೇಬಿನ ಸಸಿಗಳ ಬೆಳವಣಿಗೆಯನ್ನು ಹೋಲಿಸಿ ತೋರಿಸಿದರು. ಮುಂದೆ ರಾಥಮ್‌ಸ್ಟೆಡ್‌ನಲ್ಲಿ ಇದೇ ವಿಷಯದಲ್ಲಿ ವೃತ್ತಿಯ ಉಳಿದ ಕಾಲ ಕಳೆದರು. ಅವರಿಗಿಂತ ಬಹಳ ಮುಂಚೆ, 1885ರಲ್ಲಿ, ಟ್ರಫಲ್ ಅಣಬೆಯ ಬೇಸಾಯದ ಸಾಧ್ಯತೆಯನ್ನು ನೋಡಲೆಂದು ಪ್ರಷ್ಯಾ ಸರಕಾರ ನೇಮಿಸಿದ್ದ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್, ಕೇಳಿದ್ದನ್ನು ಬಿಟ್ಟು ಮರದ ಬೇರು ಮತ್ತು ಶಿಲೀಂಧ್ರದ ಪರಸ್ಪರ ಉಪಕಾರದ ಮಾತನ್ನು ಎತ್ತಿದಾಗ ಬಹಳ ಜನ ಒಪ್ಪಿರಲಿಲ್ಲ. ಶಿಲೀಂಧ್ರವೆಂದರೆ ರೋಗ ಎಂಬ ತಿಳಿವಳಿಕೆ ಅಷ್ಟು ಗಟ್ಟಿಯಾಗಿತ್ತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಡಿ. ಜೆ. ಭಾಗ್ಯರಾಜ್ ಅವರು ದಶಕಗಳ ಕಾಲ ಈ ಶಿಲೀಂಧ್ರಗಳ ಮೇಲೆ ನಡೆಸಿದ ಕೆಲಸದಿಂದಾಗಿ ನನ್ನ ತಲೆಮಾರಿನವರಿಗೆ ಆ ಹಳೆಯ ವಾದವನ್ನು ಮತ್ತೆ ಮಾಡುವ ಅಗತ್ಯ ಬೀಳಲಿಲ್ಲ. ಇಂಡಿಯ ನರ್ಸರಿಯಲ್ಲಿ ಮಾತ್ರ, ಬೇರಿನಲ್ಲಿ ಬೂಜು ಇದ್ದದ್ದೇ ಒಳ್ಳೆಯದಿತ್ತು ಎಂದು ಹೇಳಿದಾಗ, ಬುಡಕೊಳೆಯಲ್ಲಿ ಒಂದು ಹಂಗಾಮನ್ನೇ ಕಳೆದುಕೊಂಡಿದ್ದ ಮಾಲೀಕರ ಮುಖದಲ್ಲಿ ಫ್ರಾಂಕನ ಕಾಲದ ಸಂಶಯವೇ ಇತ್ತು. ಆ ಸಂಶಯ ನ್ಯಾಯವಾದದ್ದೇ.

ಪ್ರಯೋಗ

ಸಾಬೀತಿಗೆ ನರ್ಸರಿಯಲ್ಲೇ, ಅವರದೇ ಹಬೆಯಾಡಿಸಿದ ಮಣ್ಣಿನಲ್ಲಿ, ಐದು ಬಗೆಯ ಚೀಲಗಳನ್ನು ಜೋಡಿಸಿದೆವು. ಮೊದಲನೆಯದಕ್ಕೆ ಏನೂ ಸೇರಿಸಲಿಲ್ಲ. ಎರಡನೆಯದಕ್ಕೆ ಜೀವಂತ ಶಿಲೀಂಧ್ರವಿರುವ ಬೇರು ಮತ್ತು ಮಣ್ಣಿನ ಮಿಶ್ರಣ ಸೇರಿಸಿದೆವು. ಮೂರನೆಯದಕ್ಕೆ ಅದೇ ಮಿಶ್ರಣವನ್ನು ಆಟೋಕ್ಲೇವಿನಲ್ಲಿ (ಒತ್ತಡದ ಹಬೆಯ ಪಾತ್ರೆಯಲ್ಲಿ) ಕೊಂದು ಹಾಕಿದೆವು. ಮಿಶ್ರಣದೊಂದಿಗೆ ಬರುವ ಗೊಬ್ಬರದ ಅಂಶವೇ ಪರಿಣಾಮಕ್ಕೆ ಕಾರಣವಾಗಿದ್ದರೆ ಅದು ಇಲ್ಲಿಯೂ ಕಾಣಬೇಕು. ನಾಲ್ಕನೆಯದಕ್ಕೆ ಅದೇ ಮಿಶ್ರಣವನ್ನು ನೀರಿನಲ್ಲಿ ಕಲಕಿ, ಬೀಜಕಗಳು ದಾಟದಷ್ಟು ಸಣ್ಣ ಜರಡಿಯಲ್ಲಿ ಸೋಸಿದ ನೀರನ್ನು ಮಾತ್ರ ಹಾಕಿದೆವು. ಈ ಶಿಲೀಂಧ್ರಗಳ ಬೀಜಕಗಳು ಸಾಮಾನ್ಯವಾಗಿ 40 ಮೈಕ್ರಾನಿಗಿಂತ ದೊಡ್ಡವು. ಬ್ಯಾಕ್ಟೀರಿಯಾಗಳು ಜರಡಿ ದಾಟಿ ಹೋಗುತ್ತವೆ. ಹಬೆಯಿಂದ ಸತ್ತ ಬ್ಯಾಕ್ಟೀರಿಯಾಗಳ ಅಭಾವವೇ ಕಾರಣವಾಗಿದ್ದರೆ ಈ ಸೋಸಿದ ನೀರಿನಿಂದಲೇ ಸಸಿ ಚೇತರಿಸಿಕೊಳ್ಳಬೇಕು. ಐದನೆಯದಕ್ಕೆ ಶಿಲೀಂಧ್ರವಿಲ್ಲದೆ ರಂಜಕವನ್ನು ಮಾತ್ರ ಧಾರಾಳವಾಗಿ ಕೊಟ್ಟೆವು. ಎಲ್ಲ ಚೀಲಗಳನ್ನೂ ಬೆಂಚಿನ ಮೇಲೆ ಬೆರಸಿಟ್ಟು, ಕಾರ್ಬೆಂಡಜಿಮ್ ನಿಲ್ಲಿಸಲಾಯಿತು. ಇಂಥ ಪ್ರಯೋಗಗಳಲ್ಲಿ ಮೊದಲ ಒಂದೆರಡು ತಿಂಗಳು ಏನೂ ಕಾಣದಿರುವುದು ಸಾಮಾನ್ಯ. ಶಿಲೀಂಧ್ರ ಬೇರಿನಲ್ಲಿ ನೆಲೆಯೂರಲು ಮೂರು ನಾಲ್ಕು ವಾರ ಹಿಡಿಯುತ್ತದೆ, ಆ ಅವಧಿಯಲ್ಲಿ ಸಸಿ ಕೊಡುವುದೇ ಹೆಚ್ಚು, ಪಡೆಯುವುದು ಕಡಿಮೆ.

ಬಳಿಕ ಬಂದ ಫಲಿತಾಂಶದಲ್ಲಿ ಗೊಂದಲವಿರಲಿಲ್ಲ. ಜೀವಂತ ಶಿಲೀಂಧ್ರ ಪಡೆದ ಸಸಿಗಳು ಎದ್ದು ನಿಂತವು. ಕೊಂದ ಮಿಶ್ರಣದ ಸಸಿಗಳೂ ಸೋಸಿದ ನೀರಿನ ಸಸಿಗಳೂ ಏನೂ ಸೇರಿಸದ ಸಸಿಗಳ ಮಟ್ಟದಲ್ಲೇ ಉಳಿದವು. ಐದನೆಯ ಗುಂಪು ಹೆಚ್ಚು ಆಲೋಚನೆಗೆ ಹಚ್ಚಿತು. ಧಾರಾಳ ರಂಜಕ ಪಡೆದ ಸಸಿಗಳೂ ಶಿಲೀಂಧ್ರವಿಲ್ಲದೆಯೇ ಎತ್ತರ ಬೆಳೆದವು, ಅವುಗಳ ಎಲೆಯಲ್ಲಿ ಮಾತ್ರ ಸತುವಿನ ಕೊರತೆಯ ಹಳದಿ ಮಚ್ಚೆ ಹೆಚ್ಚಾಗಿ ಕಂಡಿತು. ಅಂದರೆ ಸಸಿಗಳ ಹಸಿವು ರಂಜಕದ್ದೇ ಎಂಬುದೂ ಅದನ್ನು ನೀಗಿಸುವ ಸಹಜ ದಾರಿ ಶಿಲೀಂಧ್ರ ಎಂಬುದೂ ಒಟ್ಟಿಗೇ ತಿಳಿದವು. ಗೊಬ್ಬರ ಸುರಿದು ಸಮಸ್ಯೆಯನ್ನು ಮುಚ್ಚಿಹಾಕಬಹುದಿತ್ತು. ಮಾಲೀಕರು ಕೊಡುತ್ತಿದ್ದ ಡಿಎಪಿ ಆ ಮಟ್ಟ ತಲುಪಿರಲಿಲ್ಲ, ಅಷ್ಟೇ.

“ಹಂಗಾದ್ರ ಗೊಬ್ಬರನ ಹಾಕತೀನಿ ಬಿಡ್ರಿ, ಅದು ಸೋವಿ ಐತಿ” ಎಂದು ಅವರು ಹೇಳಿದ್ದಕ್ಕೆ ತಕ್ಷಣ ಉತ್ತರ ಕೊಡುವುದು ಸುಲಭವಿರಲಿಲ್ಲ. ನರ್ಸರಿಯ ಮಟ್ಟಿಗೆ ಲೆಕ್ಕ ಹಾಕಿದರೆ ಅವರ ಮಾತಿನಲ್ಲಿ ತಥ್ಯವಿತ್ತು. ಆದರೆ ರಂಜಕ ಹೆಚ್ಚಿದ್ದಲ್ಲಿ ಸಸ್ಯ ಶಿಲೀಂಧ್ರವನ್ನು ಬೇರಿನೊಳಕ್ಕೆ ಬಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ. ಹಾಗೆ ಸಾಕಿದ ಸಸಿ ಬೇರಿನಲ್ಲಿ ಸಹಜೀವಿಯಿಲ್ಲದೆ ಎರೆಹೊಲಕ್ಕೆ ಹೋಗುತ್ತದೆ. ಅಲ್ಲಿ ಧಾರಾಳದ ರಂಜಕವನ್ನು ಸುಣ್ಣ ಕಟ್ಟಿಹಾಕುತ್ತದೆ. ಇದರ ಇನ್ನೊಂದು ಮುಖವನ್ನೂ ಅವರಿಗೆ ಹೇಳಿದೆ: ರಂಜಕ ಸಾಕಷ್ಟಿರುವ ಮಣ್ಣಿನಲ್ಲಿ ಶಿಲೀಂಧ್ರ ಹಾಕಿದರೆ ಸಿಟ್ರಸ್ ಸಸಿಯ ಬೆಳವಣಿಗೆ ತುಸು ಕುಗ್ಗುವುದೂ ದಾಖಲಾಗಿದೆ, ಏಕೆಂದರೆ ಇಂಗಾಲದ ವೆಚ್ಚ ಆಗುತ್ತದೆ, ಪ್ರತಿಫಲ ಸಿಗುವುದಿಲ್ಲ. ಎರಡನ್ನೂ ಒಟ್ಟಿಗೆ ಹಾಕಿದರೆ ಎರಡರ ಹಣವೂ ಹೋದಂತೆ.

ಪರಿಹಾರದ ಕ್ರಮ

ಹಳೆಯ ಗಿಡದ ಬುಡದ ಮಣ್ಣನ್ನು ಮತ್ತೆ ಬೆರೆಸುವುದು ಎಲ್ಲಕ್ಕಿಂತ ಸರಳ ದಾರಿಯಾಗಿತ್ತು. ತಂದೆಯ ಪದ್ಧತಿ ಫಲಿಸುತ್ತಿದ್ದದ್ದು ಬಹುಶಃ ಇದೇ ಕಾರಣಕ್ಕೆ. ಆದರೂ ನಾನು ಅದನ್ನು ಶಿಫಾರಸು ಮಾಡಲಿಲ್ಲ. ಆ ಮಣ್ಣಿನಲ್ಲಿ ಶಿಲೀಂಧ್ರದ ಜೊತೆಗೇ ಫೈಟಾಫ್ತೊರಾ ಮತ್ತು ಜಂತುಹುಳುಗಳೂ ಬರುತ್ತವೆ. ರೋಗದ ಮೂಲವೆಂದು ಮಾಲೀಕರು ಅದನ್ನು ಕೈಬಿಟ್ಟದ್ದರಲ್ಲಿ ಅರ್ಥವಿತ್ತು. ಹಿರಿಯರ ಪದ್ಧತಿಯಲ್ಲೆಲ್ಲ ಅಡಗಿದ ವಿಜ್ಞಾನವನ್ನು ಹುಡುಕಿ ಹೊಗಳುವ ಅಭ್ಯಾಸ ಈಚೆಗೆ ಹೆಚ್ಚಾಗಿದೆ. ಆ ಪದ್ಧತಿಯಿಂದಲೇ ಒಂದು ಮಳೆಗಾಲದ ಸಸಿಯೆಲ್ಲ ಹೋದದ್ದನ್ನು ಮರೆಯಬಾರದು.

ನಾವು ಹಿಡಿದದ್ದು ಜೋಳದ ದಾರಿ. ಈ ಶಿಲೀಂಧ್ರಕ್ಕೆ ಆತಿಥೇಯ ಒಂದೇ ಆಗಬೇಕೆಂಬ ಹಟವಿಲ್ಲ, ಲಿಂಬೆಯ ಬೇರಿನಲ್ಲಿದ್ದದ್ದು ಜೋಳದ ಬೇರಿನಲ್ಲೂ ಬೆಳೆಯುತ್ತದೆ. ಲಿಂಬೆಯ ಬೇರಿಗೆ ತಗಲುವ ಕೆಲವು ಪ್ರಮುಖ ರೋಗಾಣುಗಳು ಮತ್ತು ಸಿಟ್ರಸ್ ಜಂತುಹುಳು ಜೋಳದಲ್ಲಿ ವೃದ್ಧಿಯಾಗುವುದಿಲ್ಲ. ಹಳೆಯ ತೋಟದ ಮಣ್ಣನ್ನು ಒದ್ದೆ ಜರಡಿ ವಿಧಾನದಿಂದ ತೊಳೆದು, ಗರ್ಡಮನ್ ಮತ್ತು ನಿಕೋಲ್ಸನ್ 1963ರಲ್ಲಿ ವಿವರಿಸಿದಂತೆ ಬೀಜಕಗಳನ್ನು ಬೇರ್ಪಡಿಸಿ, ಹೊರಮೈಯನ್ನು ಶುದ್ಧಿಮಾಡಿ, ಹಬೆಯಾಡಿಸಿದ ಉಸುಕು ಮತ್ತು ಮಣ್ಣಿನಲ್ಲಿ ಜೋಳದ ಬೀಜದ ಕೆಳಗೆ ಇರಿಸಿದೆವು. ರಂಜಕ ಬಹಳ ಕಡಿಮೆ ಕೊಟ್ಟು ಜೋಳ ಬೆಳೆಸಿ, ಕೊನೆಯ ಕೆಲವು ದಿನ ನೀರು ನಿಲ್ಲಿಸಿ, ದಂಟು ಕೊಯ್ದು, ಬೇರನ್ನು ಮಣ್ಣಿನ ಸಮೇತ ಕೊಚ್ಚಿ ನೆರಳಿನಲ್ಲಿ ಆರಿಸಿದರೆ ಅದೇ ಮುಂದಿನ ಹಂಗಾಮಿನ ಶಿಲೀಂಧ್ರ ಮಿಶ್ರಣ. ರಬಿ ಜೋಳದ ಸೀಮೆಯ ರೈತರಿಗೆ ಇದರಲ್ಲಿ ಕಲಿಸಬೇಕಾದದ್ದು ಹೆಚ್ಚಿಲ್ಲ.

ಹಾಕುವ ಹೊತ್ತೂ ಮುಖ್ಯ. ಒಂದೊಂದು ಚೀಲಕ್ಕೂ ಹಾಕುವ ಬದಲು ಬೀಜದ ಮಡಿಯಲ್ಲೇ ಬೀಜದ ಕೆಳಗೆ ತೆಳುವಾಗಿ ಹರಡಿದರೆ ಮಿಶ್ರಣ ಕಡಿಮೆ ಸಾಕು, ಮೊದಲ ಬೇರೇ ಶಿಲೀಂಧ್ರದ ಮೂಲಕ ಇಳಿಯುತ್ತದೆ. ಕಾರ್ಬೆಂಡಜಿಮ್ ಕುಲದ ಔಷಧಗಳು ಈ ಶಿಲೀಂಧ್ರವನ್ನೂ ಕುಗ್ಗಿಸುವುದರಿಂದ ಅವನ್ನು ರೂಢಿಯಂತೆ ಸುರಿಯುವುದನ್ನು ಬಿಡಿಸಿದೆವು. ಪಿಥಿಯಮ್ ಅಥವಾ ಫೈಟಾಫ್ತೊರಾ ಕಂಡಾಗ ಮಾತ್ರ, ಮೈಕೋರೈಜಾಗೆ ಅಷ್ಟಾಗಿ ತೊಂದರೆ ಮಾಡದ ಮೆಟಲಾಕ್ಸಿಲ್ ಎಂಬ ಔಷಧವನ್ನು ಬಳಸಬಹುದೆಂದು ಹೇಳಿದೆವು. ಹಬೆ ಉಳಿಯಿತು, ಬೆಂಚೂ ಉಳಿಯಿತು. ಮಣ್ಣನ್ನು ಕುದಿಯುವಷ್ಟು ಕಾಯಿಸುವ ಅಗತ್ಯವಿಲ್ಲ, ತೇವದ ಮಣ್ಣು ಎಲ್ಲೆಡೆ 60 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 30 ನಿಮಿಷ ನಿಂತರೆ ಬುಡಕೊಳೆಯ ರೋಗಾಣುಗಳಿಗೆ ಸಾಕು ಎಂಬ ತಿದ್ದುಪಡಿ ಮಾತ್ರ ಸೇರಿತು. ಇದರಿಂದ ಉರುವಲೂ ಉಳಿಯಿತು.

ಅಂಗಡಿಯ ಪೊಟ್ಟಣದ ಬಗ್ಗೆ ಅವರು ಕೇಳಿದ್ದು ಸಹಜ. ರಸಗೊಬ್ಬರ ನಿಯಂತ್ರಣ ಆದೇಶ, 1985ರ ಅಡಿಯಲ್ಲಿ ಮೈಕೋರೈಜಾ ಜೈವಿಕ ಗೊಬ್ಬರಕ್ಕೂ ಗುಣಮಟ್ಟದ ನಿಯಮಗಳಿವೆ, ಒಳ್ಳೆಯ ಉತ್ಪನ್ನಗಳೂ ಇವೆ. ಆದರೆ ಒಳಗಿರುವುದು ಜೀವ. ವಿಜಯಪುರದ ಬೇಸಿಗೆಯಲ್ಲಿ ತಗಡಿನ ಮಾಡಿನ ಕೆಳಗೆ ತಿಂಗಳುಗಟ್ಟಲೆ ಇದ್ದ ಪೊಟ್ಟಣದಲ್ಲಿ ಅದು ಉಳಿದಿದೆಯೇ ಎಂಬುದು ಮುದ್ರಿತ ದಿನಾಂಕದಿಂದ ತಿಳಿಯುವುದಿಲ್ಲ. ಹಬೆಯಾಡಿಸಿದ ಉಸುಕಿನಲ್ಲಿ ಅದನ್ನು ಹಾಕಿ ಜೋಳ ಬಿತ್ತಿ, ನಾಲ್ಕು ವಾರದ ಮೇಲೆ ಬೇರಿಗೆ ಬಣ್ಣ ಕಟ್ಟಿ ನೋಡುವುದೇ ನಂಬಬಹುದಾದ ಪರೀಕ್ಷೆ. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಾಗಿಲ್ಲ. ಫೌಂಟನ್ ಪೆನ್ನಿನ ಶಾಯಿಯನ್ನು ವಿನಿಗರಿನಲ್ಲಿ ಬೆರೆಸಿ ಬೇರಿಗೆ ಬಣ್ಣ ಕಟ್ಟುವ ವಿಧಾನ 1998ರಿಂದ ಬಳಕೆಯಲ್ಲಿದೆ. ಟ್ರಿಪಾನ್ ಬ್ಲೂ ಆರೋಗ್ಯಕ್ಕೆ ಒಳ್ಳೆಯದಲ್ಲದ ಕಾರಣ ಕಾಲೇಜುಗಳಿಗೆ ನಾನು ಶಾಯಿಯನ್ನೇ ಸೂಚಿಸುತ್ತೇನೆ.

ಈ ಪ್ರಕರಣದ ಮಿತಿ

ಈ ಕೆಲಸದಿಂದ ಸಂಶೋಧನಾ ಪ್ರಬಂಧ ಹುಟ್ಟಲಿಲ್ಲ, ಹುಟ್ಟುವಂತೆಯೂ ಇರಲಿಲ್ಲ. 1972ರಲ್ಲಿ ಹೇಳಿದ್ದನ್ನೇ ಮತ್ತೆ ಹೇಳಿದರೆ ಯಾವ ಪತ್ರಿಕೆಯೂ ಸ್ವೀಕರಿಸುವುದಿಲ್ಲ, ಅದು ತಪ್ಪೂ ಅಲ್ಲ. ಆದರೆ ವಿಶ್ವವಿದ್ಯಾಲಯದ ವೃತ್ತಿಯಲ್ಲಿ ಪ್ರಬಂಧವಾಗದ ಕೆಲಸಕ್ಕೆ ಲೆಕ್ಕವಿಲ್ಲದಿರುವುದರಿಂದ, ಇಂಥ ಸಮಸ್ಯೆಗಳನ್ನು ಎತ್ತಿಕೊಳ್ಳುವ ಕಿರಿಯ ವಿಜ್ಞಾನಿಗಳು ಕಡಿಮೆಯಾಗಿದ್ದಾರೆ. ಹೊಸ ಪ್ರಭೇದಕ್ಕೆ ಹೆಸರಿಡುವುದು, ಜೀನುಗಳ ಅನುಕ್ರಮ ಓದುವುದು ಅಗತ್ಯವೇ. ನನ್ನ ಶಿಷ್ಯರಲ್ಲಿ ಹಲವರು ಅದನ್ನೇ ಮಾಡುತ್ತಿದ್ದಾರೆ. ಒಂದು ನರ್ಸರಿಯ ಐದು ಬಗೆಯ ಚೀಲಗಳ ಮುಂದೆ ತಾಳ್ಮೆಯಿಂದ ಕಾಯುವವರೂ ಇರಬೇಕು.

ಕೆಲವು ಪ್ರಶ್ನೆಗಳಿಗೆ ಈ ಪ್ರಯೋಗದಲ್ಲಿ ಉತ್ತರ ಸಿಗಲಿಲ್ಲ. ಜೋಳದಲ್ಲಿ ಬೆಳೆಸಿದ್ದು ಹಲವು ಪ್ರಭೇದಗಳ ಮಿಶ್ರಣ. ಅದರಲ್ಲಿ ಲಿಂಬೆಗೆ ನಿಜವಾಗಿ ನೆರವಾದದ್ದು ಯಾವುದೆಂದು ಬೀಜಕದ ಆಕಾರ ನೋಡಿ ಹೇಳಲಾಗದು. ತೋಟಕ್ಕೆ ನಾಟಿಯಾದ ಮೇಲೆ ಈ ಮುನ್ನಡೆ ಎಷ್ಟು ಕಾಲ ಉಳಿಯುತ್ತದೆ ಎಂಬುದೂ ಬೇರೆಯೇ ಪ್ರಶ್ನೆ. ಪ್ರತಿ ವರ್ಷ ಜೋಳ, ಕಡಲೆ, ಕುಸುಬೆ ಬಂದ ಎರೆಹೊಲದಲ್ಲಿ ಸ್ಥಳೀಯ ಶಿಲೀಂಧ್ರಗಳು ಸಾಕಷ್ಟು ಇರುವುದರಿಂದ, ಶಿಲೀಂಧ್ರವಿಲ್ಲದ ಸಸಿಯೂ ತಡವಾಗಿಯಾದರೂ ಅವನ್ನು ಪಡೆದು ಚೇತರಿಸಿಕೊಳ್ಳಬಹುದು. ಅಲ್ಲಿ ನಷ್ಟ ತೋಟದವರಿಗಿಂತ ನರ್ಸರಿಯವರಿಗೇ ಹೆಚ್ಚು. ಬಹುಕಾಲ ಬೀಳುಬಿಟ್ಟ ಹೊಲದ ಮಾತು ಬೇರೆ. ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡಿನ ಕಪ್ಪು ಮಣ್ಣಿನಲ್ಲಿ ದೀರ್ಘ ಬೀಳಿನ ನಂತರ ಬಿತ್ತಿದ ಬೆಳೆಗಳು ರಂಜಕ ಮತ್ತು ಸತುವಿನ ಕೊರತೆಯಿಂದ ಕುಂಠಿತವಾಗುವುದಕ್ಕೆ ಮೈಕೋರೈಜಾ ನಾಶವೇ ಕಾರಣವೆಂದು ಥಾಂಪ್ಸನ್ 1987ರಲ್ಲಿ ತೋರಿಸಿದ್ದರು. ಈ ಶಿಲೀಂಧ್ರಕ್ಕೆ ನೆಲೆ ಕೊಡದ ಸಾಸಿವೆ ಕುಲದ ಬೆಳೆ ಬಂದ ಹೊಲದಲ್ಲೂ ಅದರ ಪ್ರಮಾಣ ಇಳಿದಿರಬಹುದು. ಇಂಥ ಹೊಲಕ್ಕೆ ಲಿಂಬೆ ಹಚ್ಚುವವರು ಸಸಿ ಕೊಳ್ಳುವ ಮುಂಚೆ ಒಂದು ಹಂಗಾಮು ಜೋಳ ಬಿತ್ತುವುದು ಒಳ್ಳೆಯದೆಂದು ಮಾಲೀಕರು ಈಗ ತಮ್ಮ ಗಿರಾಕಿಗಳಿಗೆ ಹೇಳುತ್ತಾರೆ. ಅದಕ್ಕೆ ಆಧಾರವಾಗಿ ಕೊಡಲು ಇಂಡಿಯ ಹೊಲಗಳದೇ ಅಳತೆ ನಮ್ಮಲ್ಲಿಲ್ಲದ ಕಾರಣ, ಬೀಳು ಹೊಲ ಮತ್ತು ಜೋಳದ ಹೊಲಗಳ ಮಣ್ಣಿನಿಂದ ಬೀಜಕ ಎಣಿಸುವ ಕೆಲಸವನ್ನು ವಿಭಾಗದ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿಗೆ ವಹಿಸಲಾಗಿದೆ.